ಆಯಿಲ್‌ನಲ್ಲಿ ಭಾವಚಿತ್ರ ಕಲಿಯಲು ಯಾವ ದಾರಿ? ಹಾಸನ, ಚಿಕ್ಕಮಗಳೂರಿನ ಕಡೆಯವರಿಗೆ ಒಂದು ಹೋಲಿಕೆ

ಆಯಿಲ್ ಪೇಂಟಿಂಗ್‌ನಲ್ಲಿ ಮುಖ ಬರೆಯುವುದನ್ನು ಕಲಿಯಬೇಕು ಅಂತ ಹೊರಟವರು ಮೊದಲು ಕೇಳುವುದು, ಯಾವ ಕಂಪನಿಯ ಬಣ್ಣ ತಗೊಳ್ಳಲಿ ಅಂತ. ಆಮೇಲೆ, ನಮ್ಮೂರಲ್ಲಿ ಹೇಳಿಕೊಡುವವರು ಯಾರಾದರೂ ಇದ್ದಾರಾ ಅಂತ. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅದಕ್ಕಿಂತ ಮುಂಚೆ ಇತ್ಯರ್ಥ ಆಗಬೇಕಾದದ್ದು ಇನ್ನೊಂದಿದೆ. ಪದರದ ಮೇಲೆ ಪದರ ಹಾಕುತ್ತಾ ವಾರಗಟ್ಟಲೆ ಒಂದೇ ಚಿತ್ರದ ಮೇಲೆ ಕೆಲಸ ಮಾಡುತ್ತೀರಾ, ಇಲ್ಲಾ ಬಣ್ಣ ಹಸಿ ಇರುವಾಗಲೇ ಒಂದೇ ಪಟ್ಟಿಗೆ ಕೂತು ಮುಗಿಸುತ್ತೀರಾ? ಈ ಎರಡು ದಾರಿಗೆ ಬೇಕಾಗುವ ಬಿಡುವು ಬೇರೆ, ಸಾಮಾನು ಬೇರೆ, ನಮ್ಮ ಕಡೆಯ ಮಟ್ಟಿಗೆ ಹವೆಯೂ ಬೇರೆ.

ಹವೆ ಇಲ್ಲಿ ಯಾಕೆ ಬಂತು ಅಂದರೆ, ಆಯಿಲ್ ಬಣ್ಣ ಒಣಗುವ ರೀತಿಯೇ ಅಂಥದ್ದು. ವಾಟರ್ ಕಲರ್‌ನಲ್ಲಿ ನೀರು ಆರಿದರೆ ಮುಗಿಯಿತು. ಆಯಿಲ್‌ನಲ್ಲಿ ನಾವು ಬೆರೆಸಿದ ಟರ್ಪಂಟೈನ್ ಮಾತ್ರ ಆರಿಹೋಗುತ್ತದೆ, ಬಣ್ಣದೊಳಗಿನ ಅಗಸೆ ಎಣ್ಣೆ ಆರುವುದಿಲ್ಲ, ಅದು ಗಾಳಿಯಲ್ಲಿರುವ ಆಮ್ಲಜನಕ ಹಿಡಿದುಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಬೆಚ್ಚಗೆ, ಬೆಳಕಾಗಿ, ಗಾಳಿ ಆಡುವ ಹಾಗಿದ್ದರೆ ಬೇಗ. ಚಳಿ, ಥಂಡಿ, ಮುಚ್ಚಿದ ಕೋಣೆ ಆದರೆ ತಡ. ಏಪ್ರಿಲ್‌ನಲ್ಲಿ ಅರಸೀಕೆರೆಯ ಮನೆಯಲ್ಲಿ ಎರಡು ಮೂರು ದಿನಕ್ಕೆ ಮುಟ್ಟಲು ಬರುವ ತೆಳು ಪದರ, ಜುಲೈನಲ್ಲಿ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ವಾರ ಕಳೆದರೂ ಬೆರಳಿಗೆ ಅಂಟುತ್ತಲೇ ಇರುತ್ತದೆ. ಆದ್ದರಿಂದ ಒಂದೇ ಜಿಲ್ಲೆಯವರಾದರೂ ಎಲ್ಲರಿಗೂ ಒಂದೇ ಸಲಹೆ ಕೊಡಲು ಆಗುವುದಿಲ್ಲ.

ಪದರದ ದಾರಿ, ನೇರ ದಾರಿ

ಪದರದ ದಾರಿ ಹಳೆಯದು. ಮೊದಲು ಕಂದು ಬಣ್ಣವನ್ನು ಟರ್ಪಂಟೈನ್‌ನಲ್ಲಿ ತೆಳ್ಳಗೆ ಮಾಡಿಕೊಂಡು ರೇಖೆ ಹಾಕಿಕೊಳ್ಳಬೇಕು. ಅದರ ಮೇಲೆ ಇಡೀ ಮುಖವನ್ನು ಬರೀ ಬೂದು ಬಣ್ಣದಲ್ಲಿ, ಕಪ್ಪು ಬಿಳುಪು ಫೋಟೋದ ಥರ, ಪೂರ್ತಿ ಮಾಡಿ ಒಣಗಲು ಬಿಡಬೇಕು. ಇದಕ್ಕೆ ಗ್ರಿಸೈ ಅನ್ನುತ್ತಾರೆ. ಒಣಗಿದ ಮೇಲೆ ಬಣ್ಣವನ್ನು ಎಣ್ಣೆಯಲ್ಲಿ ತೆಳ್ಳಗೆ ಮಾಡಿ ಗಾಜಿನಂತೆ ಪಾರದರ್ಶಕವಾಗಿ ಮೇಲೆ ಎಳೆಯುತ್ತಾ ಬರುವುದು, ಬೇಕಾದಲ್ಲಿ ದಪ್ಪ ಬಣ್ಣ ಇಡುವುದು. ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲಿನ ಪದರದಲ್ಲಿ ಎಣ್ಣೆ ಜಾಸ್ತಿ, ಇದೊಂದು ನಿಯಮ ತಪ್ಪಬಾರದು. ತಪ್ಪಿದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗಾಡುತ್ತಾ, ಕೆಲವು ವರ್ಷಕ್ಕೆ ಬಿರುಕು ಬಿಡುತ್ತದೆ.

ನೇರ ದಾರಿಯಲ್ಲಿ ಈ ಕಾಯುವ ಕೆಲಸವೇ ಇಲ್ಲ. ಕೆನ್ನೆಯ ಆ ಜಾಗಕ್ಕೆ ಬೇಕಾದ ಬಣ್ಣವನ್ನು ಪ್ಯಾಲೆಟ್ ಅನ್ನುವ ಬಣ್ಣದ ಹಲಗೆಯ ಮೇಲೇ ಸರಿಯಾಗಿ ಬೆರೆಸಿಕೊಂಡು, ಒಂದು ಎಳೆತಕ್ಕೆ ಅಲ್ಲಿಟ್ಟು ಬಿಡುವುದು, ಹಸಿಯ ಮೇಲೆ ಹಸಿ. ಅಮೆರಿಕದ ಸಾರ್ಜೆಂಟ್ (1856–1925), ಸ್ವೀಡನ್ನಿನ ಆಂಡರ್ಸ್ ಜೋರ್ನ್ (1860–1920) ಇದರಲ್ಲಿ ಎತ್ತಿದ ಕೈ. ನೋಡಲು ಬಹಳ ಸಲೀಸು ಅನ್ನಿಸುತ್ತದೆ. ಆದರೆ ರೇಖೆ, ನೆರಳು, ಬಣ್ಣ, ಅಂಚು ಎಲ್ಲವನ್ನೂ ಒಂದೇ ಏಟಿಗೆ ಸರಿ ಮಾಡಬೇಕು. ಹೊಸಬರು ಅಳುಕಿ ಅಳುಕಿ ತಿದ್ದುತ್ತಾರೆ, ತಿದ್ದಿದಷ್ಟೂ ಕೆಳಗಿನ ಬಣ್ಣ ಮೇಲೆ ಎದ್ದು ಬರುತ್ತದೆ, ಅರ್ಧ ಗಂಟೆಯಲ್ಲಿ ಮುಖ ಪೂರ್ತಿ ಕೆಸರು.

ನನ್ನನ್ನು ಕೇಳಿದರೆ ಶುರು ಮಾಡುವುದು ಪದರದಲ್ಲೇ ಆಗಲಿ. ಕಾರಣ ಸರಳ. ಮುಖ ಹೋಲುವುದು ನೆರಳಿನಿಂದ, ಬಣ್ಣದಿಂದ ಅಲ್ಲ. ಹಳೇ ಕಪ್ಪು ಬಿಳುಪು ಫೋಟೋದಲ್ಲಿ ಅಜ್ಜನನ್ನು ಗುರುತು ಹಿಡಿಯುತ್ತೇವೆ ಅಲ್ವಾ? ಬೂದು ಬಣ್ಣದಲ್ಲಿ ಮುಖ ಬಂದರೆ ಬಣ್ಣ ಸ್ವಲ್ಪ ಆಚೀಚೆ ಆದರೂ ಆಳು ಅವರೇ ಅನ್ನಿಸುತ್ತದೆ. ಬೂದುವಿನಲ್ಲಿ ಬರದಿದ್ದರೆ ಎಷ್ಟು ಒಳ್ಳೆಯ ಬಣ್ಣ ಬೆರೆಸಿದರೂ ಬರುವುದಿಲ್ಲ. ಜೊತೆಗೆ, ವಾರವಿಡೀ ಶಾಲೆ, ಬ್ಯಾಂಕು, ತೋಟ ಅಂತ ಓಡಾಡಿ ಭಾನುವಾರ ಮಾತ್ರ ಕೂರುವವರಿಗೆ ಪದರದ ದಾರಿ ಹೇಳಿ ಮಾಡಿಸಿದ್ದು. ಒಂದು ಭಾನುವಾರ ಒಂದು ಪದರ, ನಡುವಿನ ಆರು ದಿನ ಅದು ತನ್ನ ಪಾಡಿಗೆ ಒಣಗುತ್ತದೆ.

ಹಾಗಂತ ವರ್ಷಪೂರ್ತಿ ಇದೇ ಮಾಡಿ ಅಂತ ಹೇಳುತ್ತಿಲ್ಲ. ಮಲೆನಾಡಿನ ಕಡೆಯವರಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೆಕ್ಕ ನಡೆಯುವುದೇ ಇಲ್ಲ. ಆಗ ಎರಡು ಉಪಾಯ ಇವೆ. ಒಂದು, ಆ ನಾಲ್ಕು ತಿಂಗಳು ನೇರ ದಾರಿಯ ಚಿಕ್ಕ ಚಿಕ್ಕ ಅಭ್ಯಾಸ ಚಿತ್ರ ಮಾಡುವುದು, ಅಂಗೈಯಷ್ಟು ದೊಡ್ಡ ಮುಖ, ಕೆಟ್ಟರೆ ಒರೆಸಿ ಮತ್ತೆ ಶುರು. ಎರಡು, ಬೂದು ಪದರವನ್ನು ನೀರಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣದಲ್ಲಿ ಹಾಕಿಕೊಂಡು ಮೇಲಿನ ಬಣ್ಣ ಮಾತ್ರ ಆಯಿಲ್‌ನಲ್ಲಿ ಮಾಡುವುದು. ಅಕ್ರಿಲಿಕ್ ಕೆಳಗೆ, ಆಯಿಲ್ ಮೇಲೆ ಇದ್ದರೆ ತೊಂದರೆ ಇಲ್ಲ. ಉಲ್ಟಾ ಮಾಡಿದರೆ ಅಕ್ರಿಲಿಕ್ ಹಿಡಿಯದೆ ಸಿಪ್ಪೆ ಏಳುತ್ತದೆ. ಅಕ್ರಿಲಿಕ್ ಬೇಗ ಒಣಗುವುದರಿಂದ ಕೆನ್ನೆಯ ನಯವಾದ ನೆರಳು ಎಳೆಯುವುದು ಕಷ್ಟ, ಅದೊಂದು ಬೆಲೆ ತೆರಬೇಕು.

ಬೂದು ಪದರವನ್ನು ಆಯಿಲ್‌ನಲ್ಲೇ ಮಾಡುವುದಾದರೆ ಬಣ್ಣದ ಆಯ್ಕೆಯಲ್ಲೂ ಒಂದು ಗುಟ್ಟಿದೆ. ಐವರಿ ಬ್ಲ್ಯಾಕ್ ಬಹಳ ನಿಧಾನಕ್ಕೆ ಒಣಗುವ ಬಣ್ಣ. ಅಂಬರ್ ಅನ್ನುವ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇರುತ್ತದೆ, ಅದು ಎಣ್ಣೆಯನ್ನು ಬೇಗ ಒಣಗಿಸುತ್ತದೆ. ಹಾಗಾಗಿ ಕಪ್ಪು ಬಿಳಿ ಬೆರೆಸುವ ಬದಲು ರಾ ಅಂಬರ್ ಮತ್ತು ಬಿಳಿ ಬೆರೆಸಿಕೊಂಡರೆ, ಅದೇ ಬೂದುಗಂದು ಪದರ ಎಷ್ಟೋ ಬೇಗ ಮುಟ್ಟಲು ಬರುತ್ತದೆ. ಕೆಲಸ ಶುರು ಮಾಡುವ ಮುಂಚೆ ಪ್ಯಾಲೆಟ್ ಅಂಚಿಗೆ ಐದು ಗುಡ್ಡೆ ಮಾಡಿಕೊಳ್ಳಿ: ಅಪ್ಪಟ ಕಂದು, ಅಪ್ಪಟ ಬಿಳಿ, ನಡುವೆ ಮೂರು ಮೆಟ್ಟಿಲು. ಕಣ್ಣು ಅರ್ಧ ಮುಚ್ಚಿ ನೋಡಿದರೆ ಐದೂ ಸಮ ಅಂತರದಲ್ಲಿ ಕಾಣಬೇಕು. ಮುಖದ ಬೆಳಕಿನ ಭಾಗಕ್ಕೆ ಬಿಳಿ ಕಡೆಯ ಮೂರು, ನೆರಳಿನ ಭಾಗಕ್ಕೆ ಕಂದು ಕಡೆಯ ಎರಡು, ಅಷ್ಟೇ. ನೆರಳಿನೊಳಗೆ ಕಾಣುವ ಪ್ರತಿಫಲನ, ಉದಾಹರಣೆಗೆ ಗಲ್ಲದ ಕೆಳಗೆ ಬಿಳಿ ಅಂಗಿಯಿಂದ ಚಿಮ್ಮುವ ಬೆಳಕು, ಎಷ್ಟೇ ಹೊಳೆದರೂ ಬೆಳಕಿನ ಭಾಗದ ಅತಿ ಕಪ್ಪಗಿನ ಜಾಗಕ್ಕಿಂತ ಬೆಳ್ಳಗೆ ಹೋಗಬಾರದು. ಹೊಸಬರ ಚಿತ್ರ ಚಪ್ಪಟೆಯಾಗುವುದು ಹೆಚ್ಚಾಗಿ ಇಲ್ಲೇ.

ಯಾರ ಹತ್ತಿರ ಕಲಿಯುವುದು

ನಮ್ಮ ಎರಡು ಊರಲ್ಲೂ ಚಿತ್ರಕಲಾ ತರಗತಿಗೆ ಬರವಿಲ್ಲ. ಆದರೆ ಹೆಚ್ಚಿನವು ಮಕ್ಕಳಿಗೆ, ಇಲ್ಲವೇ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ತಯಾರಿ ಮಾಡಿಸಲು ಇರುವಂಥವು. ಅಲ್ಲಿನ ಮೇಷ್ಟ್ರು ಚೆನ್ನಾಗಿ ಬರೆಯುವವರೇ ಇರಬಹುದು, ಆಯಿಲ್ ಭಾವಚಿತ್ರದಲ್ಲಿ ಪಳಗಿದವರು ಅನ್ನುವ ಖಾತ್ರಿ ಇಲ್ಲ. ಸೇರುವ ಮುಂಚೆ ಅವರ ಚಿತ್ರ ನೋಡುವುದಕ್ಕಿಂತ ಅವರ ವಿದ್ಯಾರ್ಥಿಗಳ ಚಿತ್ರ ನೋಡಿ. ಹತ್ತು ಜನರ ಚಿತ್ರವೂ ಒಂದೇ ಥರ ನುಣ್ಣಗೆ ಇದ್ದರೆ ಮೇಷ್ಟ್ರು ಎಲ್ಲದರ ಮೇಲೂ ತಾವೇ ಬ್ರಷ್ ಆಡಿಸುತ್ತಿದ್ದಾರೆ ಅಂತ ಅರ್ಥ. ಮನೆಗೆ ಒಯ್ದು ತೋರಿಸಲು ಚೆಂದ, ಕಲಿತದ್ದು ಏನೂ ಇರುವುದಿಲ್ಲ. ಇನ್ನೊಂದು ಪ್ರಶ್ನೆ: ತರಗತಿಯಲ್ಲಿ ಯಾರನ್ನಾದರೂ ಎದುರು ಕೂರಿಸಿಕೊಂಡು ಬರೆಸುತ್ತೀರಾ, ಅಥವಾ ಮೊಬೈಲ್ ಫೋಟೋಗೆ ಚೌಕ ಹಾಕಿಸಿಯೇ ಬರೆಸುತ್ತೀರಾ? ಎರಡನೆಯ ಉತ್ತರ ಬಂದರೆ ಚಾರ್ಕೋಲ್ ಕಲಿಯಲು ಬೇಕಾದರೆ ಹೋಗಿ, ಆಯಿಲ್‌ಗೆ ಬೇರೆ ಕಡೆ ನೋಡಿ.

ಯಾರೂ ಹೇಳದ ಒಂದು ಆಯ್ಕೆ ಅಂದರೆ ಫ್ಲೆಕ್ಸ್ ಬರುವ ಮುಂಚೆ ಬೋರ್ಡ್, ಬ್ಯಾನರ್ ಬರೆಯುತ್ತಿದ್ದ ಹಿರಿಯ ಆರ್ಟಿಸ್ಟ್‌ಗಳು. ರಾಜಕಾರಣಿ, ಸಿನಿಮಾ ನಟರ ಮುಖವನ್ನು ಏಣಿ ಮೇಲೆ ನಿಂತು ಆಳೆತ್ತರ ಬರೆದವರು ಇವರು. ದೊಡ್ಡ ಬ್ರಷ್ಷಿನಲ್ಲಿ ಧೈರ್ಯವಾಗಿ ಬಣ್ಣ ಇಡುವುದು, ದೂರದಿಂದ ನೋಡಿ ಹೋಲಿಕೆ ತರುವುದು ಇವರಿಗೆ ನೀರು ಕುಡಿದಷ್ಟು ಸುಲಭ. ನೇರ ದಾರಿ ಕಲಿಯಬೇಕು ಅನ್ನುವವರಿಗೆ ಇಂಥವರೊಬ್ಬರು ಪಕ್ಕದಲ್ಲಿದ್ದರೆ ಅದೃಷ್ಟ. ಇವರಲ್ಲಿ ಹಲವರು ಕೆಲಸ ಮಾಡಿದ್ದು ಎನಾಮಲ್ ಪೇಂಟಿನಲ್ಲಿ. ಆದ್ದರಿಂದ ಪದರ, ಎಣ್ಣೆಯ ಲೆಕ್ಕ, ವಾರ್ನಿಶ್ ಈ ವಿಷಯಗಳನ್ನು ಬೇರೆ ಕಡೆ ತಿಳಿದುಕೊಳ್ಳಿ, ಕೈ ಮಾತ್ರ ಇವರಿಂದ ಕಲಿಯಿರಿ.

ಯೂಟ್ಯೂಬ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಬಿಟ್ಟಿ ಸಿಗುತ್ತದೆ, ನಿಲ್ಲಿಸಿ ನಿಲ್ಲಿಸಿ ನೋಡಬಹುದು, ಕೆಲವು ಪಾಠಗಳು ನಿಜಕ್ಕೂ ಕಾಲೇಜಿನ ಮಟ್ಟದಲ್ಲಿವೆ. ಕೊರತೆ ಎರಡೇ. ಮೊಬೈಲ್ ಪರದೆಯ ಬಣ್ಣ ನಂಬಲು ಆಗುವುದಿಲ್ಲ. ಮತ್ತೆ, ಎಡಗಣ್ಣು ಎರಡು ನೂಲು ಮೇಲೆ ಹೋಗಿದೆ ನೋಡಿ ಅಂತ ಹೇಳುವವರು ಅಲ್ಲಿ ಯಾರೂ ಇಲ್ಲ. ಇದಕ್ಕೊಂದು ಮದ್ದು ಕನ್ನಡಿ. ಚಿತ್ರವನ್ನು ಬೆನ್ನ ಹಿಂದಿಟ್ಟು ಕೈಗನ್ನಡಿಯಲ್ಲಿ ನೋಡಿ, ಓರೆ ಕೋರೆ ತಟ್ಟನೆ ಕಣ್ಣಿಗೆ ಬೀಳುತ್ತದೆ. ರೇಖೆ ಗಟ್ಟಿ ಮಾಡಿಕೊಳ್ಳಲು ವಿಡಿಯೋಗಿಂತ ಒಳ್ಳೆಯದು ಬಾರ್ಗ್ ಹಾಳೆಗಳು. ಫ್ರಾನ್ಸಿನ ಚಿತ್ರಕಾರರಾದ ಶಾರ್ಲ್ ಬಾರ್ಗ್ ಮತ್ತು ಜೆರೋಮ್ ಸೇರಿ 1866 ರಿಂದ 1871 ರವರೆಗೆ ಪ್ಯಾರಿಸ್‌ನಲ್ಲಿ ತಂದ ರೇಖಾಪಾಠ ಅದು. ಪ್ಲಾಸ್ಟರ್ ತಲೆ, ಮೂಗು, ಕಿವಿ, ಪಾದ ಎಲ್ಲವನ್ನೂ ಮೊದಲು ನೇರ ಗೆರೆಗಳಲ್ಲಿ ಕಟ್ಟಿ ಆಮೇಲೆ ನೆರಳು ತುಂಬುವ ರೀತಿಯನ್ನು ಪಕ್ಕಪಕ್ಕದಲ್ಲೇ ತೋರಿಸಿದ್ದಾರೆ. ವ್ಯಾನ್ ಗೋ ಕೂಡ ಇದನ್ನು ಕೂತು ನಕಲು ಮಾಡಿದ್ದ. ಹಕ್ಕಿನ ಅವಧಿ ಮುಗಿದು ಹೋಗಿರುವುದರಿಂದ ಇಂಟರ್ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ, ಎ3 ಅಳತೆಗೆ ಪ್ರಿಂಟ್ ಹಾಕಿಸಿಕೊಳ್ಳಿ.

ಮೈಸೂರು, ಬೆಂಗಳೂರಿನಲ್ಲಿ ಎರಡು ಮೂರು ದಿನದ ಭಾವಚಿತ್ರ ಶಿಬಿರಗಳು ಆಗಾಗ ನಡೆಯುತ್ತವೆ. ಮೊದಲನೇ ಹೆಜ್ಜೆಯಾಗಿ ಅಲ್ಲಿಗೆ ಹೋದರೆ ದುಡ್ಡು ದಂಡ, ಬೆರಗಾಗಿ ವಾಪಸ್ ಬರುತ್ತೀರಿ ಅಷ್ಟೇ. ನಾಲ್ಕಾರು ತಲೆಗಳನ್ನು ನೀವೇ ಮಾಡಿ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಅಂತ ಗೊತ್ತಾದ ಮೇಲೆ ಹೋದರೆ ಒಂದು ದಿನದಲ್ಲಿ ವರ್ಷದ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಪಿಯುಸಿ ಮುಗಿಸಿದ ಮಕ್ಕಳು, ಇದನ್ನೇ ಜೀವನ ಮಾಡಿಕೊಳ್ಳುತ್ತೇವೆ ಅನ್ನುವವರಿಗೆ ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ), ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು ಇವೆ. ಆದರೆ ಅದು ಪದವಿಯ ಮಾತು. ಅಲ್ಲಿ ಭಾವಚಿತ್ರ ಒಂದು ಭಾಗ, ಅದೇ ಸರ್ವಸ್ವ ಅಲ್ಲ. ಕೆಲಸ ಬಿಟ್ಟು ಸೇರುವ ಮುಂಚೆ ಪಠ್ಯಕ್ರಮ ತರಿಸಿಕೊಂಡು ಓದಿ.

ನೋಡಿ ಕಲಿಯುವುದನ್ನು ಕೀಳು ಅಂದುಕೊಳ್ಳಬೇಡಿ. ರಾಜಾ ರವಿವರ್ಮ (1848–1906) ಹುಡುಗನಾಗಿದ್ದಾಗ ತಿರುವಾಂಕೂರಿನ ಆಸ್ಥಾನದ ಚಿತ್ರಕಾರ ಆಯಿಲ್‌ನ ಗುಟ್ಟನ್ನು ಬಿಚ್ಚಿ ಹೇಳಲಿಲ್ಲ. 1868ರಲ್ಲಿ ಬಂದ ಥಿಯೋಡೋರ್ ಜೆನ್ಸನ್ ಅನ್ನುವ ಡೆನ್ಮಾರ್ಕ್ ಮೂಲದ ಚಿತ್ರಕಾರ ಕೂಡ ತಾನು ಕೆಲಸ ಮಾಡುವಾಗ ನೋಡಲು ಬಿಟ್ಟನೇ ಹೊರತು ಕೂರಿಸಿಕೊಂಡು ಪಾಠ ಮಾಡಲಿಲ್ಲ. ರವಿವರ್ಮ ಬಹಳಷ್ಟು ಕಲಿತದ್ದು ಆ ನೋಟದಿಂದಲೇ. ನಮಗೆ ರವಿವರ್ಮನ ಚಿತ್ರಗಳೇ ಹತ್ತಿರದಲ್ಲಿವೆ, ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ. ಹಾಸನದಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆ. ಗ್ಯಾಲರಿ ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗಿ. ದೂರ ನಿಂತು ನೋಡಬೇಡಿ, ಓರೆಯಿಂದ, ಬೆಳಕು ಮೇಲೆ ಜಾರುವ ಕೋನದಿಂದ ನೋಡಿ. ಎಲ್ಲಿ ಬಣ್ಣ ದಪ್ಪ ಕೂತಿದೆ, ಎಲ್ಲಿ ತೆಳ್ಳಗೆ ಎಳೆದಿದ್ದಾರೆ ಅನ್ನುವುದು ಪುಸ್ತಕದಲ್ಲಿ ಕಾಣುವುದಿಲ್ಲ. ಅಲ್ಲೇ ಎಲ್ಲರೂ ಮುಗಿಬಿದ್ದು ನೋಡುವ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಹಲ್ದಣಕರ್ ಅವರದು, ಅದನ್ನು ಆಯಿಲ್ ಅಂದುಕೊಂಡು ಅಭ್ಯಾಸಕ್ಕೆ ಇಳಿಯಬೇಡಿ. ಅದು ವಾಟರ್ ಕಲರ್. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ರಸ್ತೆಯ ಬದಿಗೆ ಕೂತು ಎದುರಿಗಿದ್ದವರ ಮುಖ ಬರೆಯುವವರೂ ಇರುತ್ತಾರೆ, ಒಬ್ಬರ ಹಿಂದೆ ಸುಮ್ಮನೆ ಅರ್ಧ ದಿನ ನಿಲ್ಲಿ, ಯಾರೂ ಬೇಡ ಅನ್ನುವುದಿಲ್ಲ.

ಫೋಟೋದಿಂದಲೋ, ಆಳನ್ನು ಕೂರಿಸಿಕೊಂಡೋ

ಫೋಟೋ ಅನುಕೂಲ. ಅಲುಗಾಡುವುದಿಲ್ಲ, ಬೇಜಾರು ಮಾಡಿಕೊಳ್ಳುವುದಿಲ್ಲ, ರಾತ್ರಿ ಹತ್ತು ಗಂಟೆಗೂ ಸಿಗುತ್ತದೆ. ತೀರಿಹೋದ ಹಿರಿಯರ ಚಿತ್ರ ಬರೆಯಬೇಕಾದರೆ ಬೇರೆ ದಾರಿಯೂ ಇಲ್ಲ. ಆದರೆ ಕಲಿಯುವ ಹಂತದಲ್ಲಿ ಫೋಟೋ ಮೋಸ ಮಾಡುತ್ತದೆ. ನೆರಳನ್ನೆಲ್ಲ ಕಪ್ಪಗೆ ಮುಚ್ಚಿ, ಬೆಳಕನ್ನೆಲ್ಲ ಬೆಳ್ಳಗೆ ಸುಟ್ಟು ತೋರಿಸುತ್ತದೆ. ಕೈಯಳತೆ ದೂರದಲ್ಲಿ ತೆಗೆದ ಮೊಬೈಲ್ ಫೋಟೋದಲ್ಲಿ ಮೂಗು ದೊಡ್ಡದು, ಕಿವಿ ಹಿಂದೆ ಓಡಿರುತ್ತದೆ. ಅದನ್ನು ಚೌಕ ಹಾಕಿ ಎಷ್ಟು ಕರಾರುವಾಕ್ಕಾಗಿ ಇಳಿಸಿದರೂ ಮನೆಯವರು ಏನೋ ಸರಿ ಬಂದಿಲ್ಲ ಅನ್ನುತ್ತಾರೆ, ಅವರು ಹೇಳುವುದು ಸರಿಯೇ. ಫೋಟೋ ತೆಗೆಯಲೇಬೇಕಾದರೆ ಆರೇಳು ಅಡಿ ಹಿಂದೆ ನಿಂತು, ಜೂಮ್ ಮಾಡಿ, ಫ್ಲ್ಯಾಶ್ ಇಲ್ಲದೆ, ಒಂದೇ ಕಿಟಕಿಯ ಬೆಳಕಲ್ಲಿ ತೆಗೆಯಿರಿ.

ಆಳನ್ನು ಕೂರಿಸಿಕೊಂಡು ಬರೆಯಲು ಮನೆಯ ಅಜ್ಜಿಯಷ್ಟು ಒಳ್ಳೆಯವರು ಸಿಗುವುದಿಲ್ಲ. ಅವರಿಗೆ ಕೂರುವ ತಾಳ್ಮೆ ಇದೆ, ಮುಖದಲ್ಲಿ ಸುಕ್ಕು, ಮೂಳೆ ಎಲ್ಲ ಸ್ಪಷ್ಟವಾಗಿ ಇದೆ. ಮಕ್ಕಳ ಮುಖ, ಮದುಮಗಳ ಮುಖ ಬಹಳ ಕಷ್ಟ, ನುಣುಪಾಗಿರುವುದರಿಂದ ಹಿಡಿತಕ್ಕೇ ಸಿಗುವುದಿಲ್ಲ. ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೊಮ್ಮೆ ಬಿಡುವು ಕೊಡಿ. ಎದ್ದು ಹೋಗುವ ಮುಂಚೆ ಕುರ್ಚಿಯ ಕಾಲು, ಪಾದ ಇಟ್ಟ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕಣ್ಣು ಎಲ್ಲಿ ನೆಟ್ಟಿತ್ತು ಅನ್ನುವುದಕ್ಕೂ ಗೋಡೆಯಲ್ಲಿ ಕ್ಯಾಲೆಂಡರ್ ಅಂಥದ್ದೊಂದು ಗುರುತು ಇರಲಿ. ಟಿವಿ ಹಾಕಿ ಕೂರಿಸಿದರೆ ಆರಾಮಾಗಿ ಕೂರುತ್ತಾರೆ, ಆದರೆ ಪರದೆಯ ನೀಲಿ ಬೆಳಕು ಮುಖದ ಮೇಲೆ ಕುಣಿಯುತ್ತದೆ. ರೇಡಿಯೋ ವಾಸಿ. ಯಾರೂ ಸಿಗದಿದ್ದರೆ ಕನ್ನಡಿ ಇಟ್ಟುಕೊಂಡು ನಿಮ್ಮ ಮುಖವನ್ನೇ ಬರೆಯಿರಿ, ರೆಂಬ್ರಾಂಟ್ ಜೀವಮಾನವಿಡೀ ತನ್ನ ಮುಖವನ್ನೇ ಬರೆದುಕೊಂಡ.

ಬೆಳಕಿನ ವಿಷಯಕ್ಕೆ ಬಂದರೆ, ಯುರೋಪಿನ ಪುಸ್ತಕಗಳೆಲ್ಲ ಉತ್ತರದ ಕಿಟಕಿಯ ಪಕ್ಕ ಕೂರಿ ಅನ್ನುತ್ತವೆ, ಆ ಕಡೆಯಿಂದ ಬಿಸಿಲು ನೇರ ಬೀಳುವುದಿಲ್ಲ, ಬೆಳಕು ದಿನವಿಡೀ ಒಂದೇ ಥರ ಇರುತ್ತದೆ ಅಂತ. ಅವರ ಊರಿಗೆ ಅದು ಸರಿ. ನಾವಿರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಬೆಳಿಗ್ಗೆ ಸಂಜೆ ಉತ್ತರದ ಕಿಟಕಿಯಿಂದಲೂ ಓರೆ ಬಿಸಿಲು ಒಳಗೆ ನುಗ್ಗುತ್ತದೆ. ಮೇ ತಿಂಗಳಲ್ಲಿ ಅದು ನಿಜವಾದ ತೊಂದರೆ. ಕಿಟಕಿಗೆ ಹಳೇ ಬಿಳಿ ಪಂಚೆ ಕಟ್ಟಿದರೆ ಸಾಕು, ಬೆಳಕು ಮೆತ್ತಗಾಗುತ್ತದೆ. ಮಳೆ ಹಿಡಿದ ಮೇಲೆ ಮೋಡವೇ ಆ ಕೆಲಸ ಮಾಡುತ್ತದೆ, ಎಲ್ಲ ದಿಕ್ಕಿನ ಕಿಟಕಿಯೂ ಒಂದೇ. ಹೆಂಚಿನ ಮನೆಯವರು ಗಾಜಿನ ಹೆಂಚಿನ ಕೆಳಗೆ ನೇರವಾಗಿ ಕೂರಿಸಬೇಡಿ. ನೆತ್ತಿಯಿಂದ ಬಿದ್ದ ಬೆಳಕಿಗೆ ಕಣ್ಣಿನ ಗುಳಿ ಪೂರ್ತಿ ಕಪ್ಪಾಗುತ್ತದೆ. ಎರಡು ಮೂರು ಅಡಿ ಪಕ್ಕಕ್ಕೆ ಸರಿಸಿ, ಮೂಗಿನ ನೆರಳು ಬಾಯಿಯ ಮೂಲೆಯ ಕಡೆ ಓರೆಯಾಗಿ ಬೀಳುವ ಹಾಗೆ ನೋಡಿಕೊಳ್ಳಿ.

ಎಷ್ಟು ಬಣ್ಣ, ಯಾವ ಬಣ್ಣ

ಹನ್ನೆರಡು ಟ್ಯೂಬಿನ ಡಬ್ಬಿ ಒಂದು ಕಡೆ, ನಾಲ್ಕೇ ಟ್ಯೂಬು ಇನ್ನೊಂದು ಕಡೆ. ಬೂದು ಪದರದ ರಾ ಅಂಬರ್ ಬಿಟ್ಟರೆ, ಮೇಲಿನ ಬಣ್ಣಕ್ಕೆ ನನ್ನ ಮತ ನಾಲ್ಕಕ್ಕೆ. ಜೋರ್ನ್ ಹೆಸರಲ್ಲಿ ಪ್ರಸಿದ್ಧವಾದ ಪ್ಯಾಲೆಟ್ ಅದು: ಬಿಳಿ, ಯೆಲ್ಲೊ ಓಕರ್ ಅನ್ನುವ ಮಣ್ಣುಹಳದಿ, ವರ್ಮಿಲಿಯನ್ ಅನ್ನುವ ಕೆಂಪು, ಐವರಿ ಬ್ಲ್ಯಾಕ್. ಹಳೆಯ ಅಸಲಿ ವರ್ಮಿಲಿಯನ್ ಪಾದರಸದ್ದು, ಈಗ ಅದರ ಬದಲಿ ಬಣ್ಣವೇ ಅಂಗಡಿಯಲ್ಲಿ ಸಿಗುವುದು, ಅದೇ ಸಾಕು. ಇದರಲ್ಲಿ ನೀಲಿಯೇ ಇಲ್ಲವಲ್ಲ ಅನ್ನಬೇಡಿ. ಐವರಿ ಬ್ಲ್ಯಾಕ್‌ಗೆ ಬಿಳಿ ಸೇರಿಸಿ ಕೆಂಪು ಕಂದುಗಳ ಪಕ್ಕ ಇಟ್ಟರೆ ತಾನೇ ನೀಲಿಯಾಗಿ ಕಾಣುತ್ತದೆ. ಅದೇ ಕಪ್ಪಿಗೆ ಓಕರ್ ಬೆರೆಸಿದರೆ ಕಂದುಹಸಿರು ಬರುತ್ತದೆ. ನಮ್ಮ ಮೈಬಣ್ಣಕ್ಕೆ ಬೇಕಾದದ್ದೇ ಆ ಹಸಿರು.

ಇಂಗ್ಲಿಷ್ ಪಾಠಗಳಲ್ಲಿ ಬರುವ ಮೈಬಣ್ಣದ ಸೂತ್ರಗಳೆಲ್ಲ ಗುಲಾಬಿ ಚರ್ಮಕ್ಕೆ. ನಮ್ಮವರ ಕಪ್ಪು, ಎಣ್ಣೆಗೆಂಪು ಬಣ್ಣಕ್ಕೆ ಅದನ್ನೇ ಕಪ್ಪು ಸೇರಿಸಿ ಗಾಢ ಮಾಡಿದರೆ ಮುಖಕ್ಕೆ ಬೂದಿ ಬಳಿದುಕೊಂಡ ಹಾಗೆ ಆಗುತ್ತದೆ. ಟೈಟಾನಿಯಂ ವೈಟ್ ಬಹಳ ಜೋರಿನ ಬಿಳಿ, ಎಲ್ಲದಕ್ಕೂ ಅದನ್ನು ಸೇರಿಸಿದರೆ ಬಣ್ಣ ಸತ್ತುಹೋಗುತ್ತದೆ. ತೋಟದ ಬಿಸಿಲಲ್ಲಿ ಕೆಲಸ ಮಾಡಿದ ಒಂದು ಕೆನ್ನೆಯನ್ನು ಕಿಟಕಿಯ ಪಕ್ಕ ಇಟ್ಟು ನೋಡಿ. ಬೆಳಕಿನ ಕಡೆ ಓಕರ್ ಮತ್ತು ಕೆಂಪು, ಬಿಳಿ ಬಹಳ ಕಮ್ಮಿ. ಬೆಳಕು ತಿರುಗಿ ನೆರಳಿಗೆ ಹೋಗುವ ನಡುವಿನ ಪಟ್ಟಿಯಲ್ಲಿ ಕಪ್ಪು, ಓಕರ್ ಸೇರಿದ ಆ ಹಸಿರು. ನೆರಳಿನೊಳಗೆ ಮತ್ತೆ ಬಿಸಿ ಕೆಂಪುಗಂದು, ತೆಳ್ಳಗೆ, ಬಿಳಿ ಒಂದು ಚೂರೂ ಇಲ್ಲದೆ. ಆಮೇಲೆ ಕೆನ್ನೆಮೂಳೆಯ ಮೇಲಿನ ಮಿಂಚು. ಕಪ್ಪು ಚರ್ಮದಲ್ಲಿ ಮಿಂಚು ಎದ್ದು ಕಾಣುತ್ತದೆ, ಮತ್ತು ಅದು ಚರ್ಮದ ಬಣ್ಣ ಅಲ್ಲ, ಕಿಟಕಿಯಾಚೆಯ ಆಕಾಶದ ಬಣ್ಣ. ಅದಕ್ಕೆ ಅಪ್ಪಟ ಬಿಳಿ ಇಡದೆ, ಬಿಳಿಗೆ ಒಂದು ಚಿಟಿಕೆ ಕಪ್ಪು ಸೇರಿಸಿ ತಣ್ಣಗಿನ ಬೂದುನೀಲಿ ಮಾಡಿ, ಒಂದೇ ಸಲ ಇಟ್ಟು ಕೈ ತೆಗೆಯಿರಿ. ಅಜ್ಜಿಯ ಮೂಗುಬೊಟ್ಟಿಗೆ ಮಾತ್ರ ಅಪ್ಪಟ ಬಿಳಿ ಉಳಿಸಿಕೊಳ್ಳಿ, ಇಡೀ ಮುಖದಲ್ಲಿ ಅಷ್ಟು ಬೆಳ್ಳಗಿನ ಜಾಗ ಇನ್ನೊಂದು ಇರಬಾರದು.

ಸಾಮಾನು

ಇಲ್ಲಿ ಚುರುಕಾಗಿ ಮುಗಿಸುತ್ತೇನೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕ್ಯಾಮೆಲ್ ಬಣ್ಣ ಕಲಿಯಲು ಧಾರಾಳ ಸಾಕು. ದುಬಾರಿ ಟ್ಯೂಬ್ ತಂದವರು ಅದನ್ನು ಒತ್ತಲು ಹೆದರುತ್ತಾರೆ, ಹೆದರಿದರೆ ಕಲಿಕೆ ಇಲ್ಲ. ಬಿಳಿ ಮಾತ್ರ ದೊಡ್ಡ ಟ್ಯೂಬ್ ತಗೊಳ್ಳಿ, ಅದೇ ಮೊದಲು ಖಾಲಿಯಾಗುವುದು. ಶುರುವಿಗೆ ಕಟ್ಟಿನ ಕ್ಯಾನ್ವಾಸ್‌ಗಿಂತ ಕ್ಯಾನ್ವಾಸ್ ಪ್ಯಾಡ್ ಅಥವಾ ಜೆಸ್ಸೊ (ಬಣ್ಣಕ್ಕೆ ಮುಂಚೆ ಹಾಕುವ ಬಿಳಿ ತಳಪದರ) ಬಳಿದ ಎಂಡಿಎಫ್ ಹಲಗೆಯ ತುಂಡು ಅಗ್ಗ. ಬರೀ ಬಟ್ಟೆಯ ಮೇಲೆ ಬಳಿಯಬೇಡಿ, ಎಣ್ಣೆ ನೂಲನ್ನೇ ತಿನ್ನುತ್ತದೆ. ಬ್ರಷ್ಷು ಹಂದಿ ಕೂದಲಿನದು ಮೂರು, ಮೆತ್ತಗಿನದು ಎರಡು, ಅಷ್ಟೇ. ಸೊನ್ನೆ ನಂಬರಿನ ಬ್ರಷ್ ತಗೊಳ್ಳಬೇಡಿ, ರೆಪ್ಪೆ ಎಣಿಸುತ್ತಾ ಕೂರುತ್ತೀರಿ.

ಹಾರ್ಡ್‌ವೇರ್ ಅಂಗಡಿಯ ಟರ್ಪಂಟೈನ್ ಬ್ರಷ್ ತೊಳೆಯಲು ಸರಿ, ಬಣ್ಣಕ್ಕೆ ಬೆರೆಸಲು ಕಲಾ ಸಾಮಗ್ರಿಯ ಸಣ್ಣ ಬಾಟಲಿ ವಾಸಿ. ಮರದ ಪಾಲಿಶ್‌ಗೆ ಬಳಸುವ ಎನ್‌ಸಿ ಥಿನ್ನರ್ ಹತ್ತಿರವೂ ಸೇರಿಸಬೇಡಿ. ಬಡಗಿಗಳು ಬಳಸುವ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆಯಲ್ಲಿ ಬೇಗ ಒಣಗಿಸುವ ರಾಸಾಯನಿಕ ಇರುತ್ತದೆ, ಬಣ್ಣ ಕಪ್ಪಿಡುತ್ತದೆ. ಅಡುಗೆಮನೆಯ ಎಣ್ಣೆ ಯಾವುದೂ ಬೇಡ, ಕೊಬ್ಬರಿ ಎಣ್ಣೆ ಅಂತೂ ಜನ್ಮದಲ್ಲಿ ಒಣಗುವುದಿಲ್ಲ. ಮಳೆಗಾಲದಲ್ಲಿ ಥಂಡಿ ಅಂತ ಕಿಟಕಿ ಬಾಗಿಲು ಮುಚ್ಚಿಕೊಂಡು ಟರ್ಪಂಟೈನ್ ಬಳಸಿದರೆ ತಲೆ ಸುತ್ತುತ್ತದೆ, ಒಂದಾದರೂ ಕಿಟಕಿ ತೆರೆದಿರಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ನೀರು ತುಂಬಿದ, ಮುಚ್ಚಳ ಇರುವ ಡಬ್ಬದಲ್ಲಿ ಹಾಕಿಡಿ, ಸೌದೆ ಒಲೆ ಇರುವ ಮನೆಯಲ್ಲಿ ಇನ್ನೂ ಹುಷಾರು.

ಚಿತ್ರ ಮುಗಿದ ಮೇಲೆ ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯಬೇಕು, ದಪ್ಪ ಬಣ್ಣ ಇದ್ದರೆ ಒಂದು ವರ್ಷ. ನವೆಂಬರ್‌ನಲ್ಲಿ ಮುಗಿಸಿದ್ದನ್ನು ಮೇ ತಿಂಗಳಲ್ಲಿ, ಗಾಳಿ ಒಣಗಿರುವಾಗ ವಾರ್ನಿಶ್ ಮಾಡಿದರೆ ಚೆನ್ನ, ಮಳೆಯಲ್ಲಿ ಮಾಡಿದರೆ ಮಂಜು ಹಿಡಿದಂತೆ ಬೆಳ್ಳಗಾಗುವುದುಂಟು. ಮಲೆನಾಡಿನ ಗೋಡೆಗೆ ಚಿತ್ರವನ್ನು ಒತ್ತಿ ತೂಗುಹಾಕಬೇಡಿ, ಹಿಂಬದಿಗೆ ಬೂಷ್ಟು ಬರುತ್ತದೆ. ಕಟ್ಟಿನ ಕೆಳಗಿನ ಎರಡು ಮೂಲೆಗೆ ಬೆಣೆಯಷ್ಟು ಮರದ ತುಂಡು ಅಂಟಿಸಿದರೆ ಹಿಂದೆ ಗಾಳಿ ಆಡುತ್ತದೆ. ಆಯಿಲ್ ಚಿತ್ರಕ್ಕೆ ಸಾಮಾನ್ಯವಾಗಿ ಗಾಜು ಬೇಡ. ಆದರೆ ಹಿರಿಯರ ಪಟ ಅಂದ ಮೇಲೆ ನಮ್ಮ ಮನೆಗಳಲ್ಲಿ ಹಾರ ಬರುತ್ತದೆ, ಊದುಬತ್ತಿ ಬರುತ್ತದೆ, ಹಬ್ಬದ ದಿನ ಯಾರೋ ಹಣೆಗೆ ಕುಂಕುಮ ಇಟ್ಟೇಬಿಡುತ್ತಾರೆ, ಬೇಡ ಅಂದರೆ ಕೇಳುವುದಿಲ್ಲ. ಅಂಥ ಮನೆಗೆ ಹೋಗುವ ಚಿತ್ರವಾದರೆ ಗಾಜು ಹಾಕಿಸಿಯೇ ಕಟ್ಟು ಹಾಕಿಸಿ, ಗಾಜಿಗೂ ಬಣ್ಣಕ್ಕೂ ನಡುವೆ ಸುತ್ತಲೂ ಒಂದು ಪಟ್ಟಿ ಕೊಟ್ಟು ಅಂತರ ಬಿಡಲು ಫ್ರೇಮ್ ಅಂಗಡಿಯವರಿಗೆ ಬಿಡಿಸಿ ಹೇಳಿ.